ಬಾವಿಯಿಂದ ಬಂದ ಹೆಡ್‌ಲೈಟ್

ಆ ಮೊಬೈಲ್ ಟಾರ್ಚ್ ನನ್ನ ಮುಖಕ್ಕೆ ಬಿಡಬೇಡ ಕಣೋ. ಕೆಳಗೆ ಹಿಡಿ... ಹಾಂ, ಹಾಗೆ. ಕರೆಂಟು ಬರೋವರೆಗೆ ಒಂದು ವಿಷಯ ಹೇಳ್ತೀನಿ. ಮಧ್ಯೆ ಯಾರೂ ಬಾಯಿ ಹಾಕಬಾರದು. ಹೆದರಿಕೆ ಆದರೆ ಎದ್ದು ಹೋಗಿ, ಆದರೆ ಒಬ್ಬೊಬ್ಬರೇ ಹೋಗಬೇಡಿ.

ಇದು ಯಾರೋ ಎಲ್ಲೋ ಹೇಳಿದ ಕತೆಯಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮಗನಿಗೆ ಆದದ್ದು. ಅವನ ಮನೆಗೂ ನನ್ನ ಮನೆಗೂ ಮಧ್ಯೆ ಒಂದೇ ಗೋಡೆ. ಆ ಕಡೆ ಮಗು ಕೆಮ್ಮಿದರೆ ಈ ಕಡೆ ನನ್ನ ಹೊಲಿಗೆ ಮಿಷನ್ನು ನಿಲ್ಲುತ್ತೆ, ಅಷ್ಟು ಹತ್ತಿರ.

ಒಂದು ರಾತ್ರಿ ಇಬ್ಬರು ಕೆಲಸ ಮುಗಿಸಿ ಮನೆಗೆ ಬರ್ತಾ ಇದ್ರು. ಮುಂದೆ ನಮ್ಮ ಕಪ್ಪೆ, ಹಿಂದೆ ಹಗ್ಗದ ಭಾವ. ಕಪ್ಪೆ ಅಂದ್ರೆ ಇದೇ ಚಿಕ್ಕಮ್ಮನ ಮಗ. ಬಾವಿಗೆ ಇಳಿಯೋದು ಅವನ ಕಸುಬು. ಒಳಗೆ ಬಿದ್ದ ಪಂಪು ಎತ್ತೋದು, ಕೊಳೆತ ಪೈಪು ಬದಲಾಯಿಸೋದು, ಹೂಳು ತೆಗೆಯೋದು. ಅಂಥವನಿಗೆ ಬೀದಿಯವರು ಇನ್ನೇನು ಹೆಸರಿಡ್ತಾರೆ ಹೇಳಿ? ಅವನ ಹೆಂಡತಿಯ ಅಣ್ಣ ಬಾವಿ ಮೇಲೆ ನಿಂತು ಹಗ್ಗ ನೋಡಿಕೊಳ್ಳೋರು. ಅದಕ್ಕೇ ಅವರು ಊರಿಗೆಲ್ಲ ಹಗ್ಗದ ಭಾವ.

ನಮ್ಮ ಬೀದಿಗೆ ಬರೋ ದಾರೀಲಿ ಒಂದು ಬಯಲು, ಅದರ ಮಧ್ಯೆ ಒಂದು ದೊಡ್ಡ ಮರ ಇದೆ. ಅದರ ಕೆಳಗೆ ಬರೋ ಹೊತ್ತಿಗೆ ಕಪ್ಪೆಯ ಹಣೆ ಮೇಲಿದ್ದ ಹಳೇ ಟಾರ್ಚು ಹಳದಿಯಾಯ್ತು... ಕೆಂಪಾಯ್ತು... ಆರೇಹೋಯ್ತು.

"ಭಾವ..."

"ಏನೋ?"

"ಹಿಂದೆ ಏನೋ ಸದ್ದು."

ಇಬ್ಬರೂ ನಿಂತ್ರು. ಸದ್ದೂ ನಿಂತಿತು. ಹೊರಟ್ರು. ಚರ್‌ರ್... ಚರ್‌ರ್... ಒಣ ಎಲೆ ಮೇಲೆ ಯಾರೋ ಕಾಲೆಳೆದುಕೊಂಡು ಬರೋ ಹಾಗೆ. ಮತ್ತೆ ನಿಂತ್ರು. ಮತ್ತೆ ನಿಂತಿತು. ಆಮೇಲೆ ಯಾರು ಮೊದಲು ಓಡಿದ್ದು ಅಂತ ಇವತ್ತಿಗೂ ಅವರಿಬ್ಬರಿಗೆ ಜಗಳ ಇದೆ. ಕಪ್ಪೆ ಕತ್ತಲಲ್ಲಿ ಚರಂಡಿಗೆ ಕಾಲಿಟ್ಟು ಉಳುಕಿಸಿಕೊಂಡ. ಬೀದಿ ದೀಪದ ಕೆಳಗೆ ಬಂದು ನೋಡಿದರೆ, ಭಾವನ ಹೆಗಲಿನಿಂದ ಹಗ್ಗದ ತುದಿ ಜಾರಿ ನೆಲದ ಮೇಲೆ ಎಳಕೊಂಡು ಬರ್ತಾ ಇತ್ತು. ಇದನ್ನ ಕೇಳಿ ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂತು.

ನಗಬೇಡಿ, ಆವತ್ತಿನದು ಬರೀ ಹಗ್ಗ. ನಾನು ಹೇಳಬೇಕಾದದ್ದು ಆಮೇಲಿನದು.

ಕಪ್ಪೆಯ ಹೆಂಡತಿ ನಗಲಿಲ್ಲ. ಅವಳ ತೊಡೆ ಮೇಲೆ ಹಾಲುಗೂಸು, ಎದುರಿಗೆ ಕಾಲು ಊದಿಸಿಕೊಂಡು ಕೂತ ಗಂಡ. "ಒಳ್ಳೇ ದೀಪ ತಗೊಳ್ಳೋವರೆಗೆ ಬಾವಿ ಕಡೆ ತಲೆ ಹಾಕಬೇಡಿ. ಈ ಮಗುವಿನ ಮುಖ ನೋಡಿಯಾದ್ರೂ," ಅಂದಳು. ಬಾಯಿ ಜೋರಿನವಳು, ಆದರೆ ಆವತ್ತು ದನಿ ಮೆತ್ತಗಿತ್ತು. ಅವನು ತಲೆ ತಗ್ಗಿಸಿದ. ಅಂಗಡಿಯಲ್ಲಿ ಚೌಕಾಸಿ ಮಾಡೋಕೆ ಅವನಿಗೆ ಬರಲ್ಲ, ಹಾಗಾಗಿ ನನ್ನನ್ನೂ ಎಳಕೊಂಡು ಹೋದ.

ನೀವು ಅಂದುಕೊಳ್ಳಬಹುದು, ಟಾರ್ಚು ಕೊಳ್ಳೋದರಲ್ಲಿ ಏನು ಮಹಾ ಅಂತ. ಇವರಿಗೆ ಅದು ಬರೀ ಬೆಳಕಲ್ಲ, ನಾಲಿಗೆ. ಆಳದ ಬಾವಿಯಲ್ಲಿ ಮಾತು ಕೇಳಿಸುತ್ತೆ, ತಿಳಿಯಲ್ಲ. ಕೆಳಗಿಂದ "ಎಳಿ" ಅಂದರೂ, "ಬೇಡ" ಅಂದರೂ ಮೇಲಿನವರಿಗೆ ಬರೋದು ಒಂದೇ, ಊಂ... ಅಂತ. ಅದಕ್ಕೆ ಇವರು ದೀಪದಲ್ಲೇ ಮಾತಾಡ್ತಾರೆ. ಕೆಳಗಿರೋನು ಎಷ್ಟು ಹೊತ್ತಾದರೂ ತಲೆ ಎತ್ತಬಾರದು. ಅವನು ತಲೆ ಎತ್ತಿ ಬೆಳಕು ನೇರ ಮೇಲಕ್ಕೆ ಬಂತು ಅಂದ್ರೆ ಒಂದೇ ಅರ್ಥ... ನನ್ನನ್ನ ಎತ್ತು. ಭಾವ ಮರುಮಾತಿಲ್ಲದೆ ರಾಟೆ ತಿರುಗಿಸಬೇಕು.

ಅಂಗಡಿಯವನು ಒಂದಾದ ಮೇಲೊಂದು ತೆಗೆದಿಟ್ಟ. ಕಪ್ಪೆ ಮದುವೆ ಹೆಣ್ಣು ನೋಡೋಕೆ ಹೋದಾಗಲೂ ಅಷ್ಟು ಯೋಚನೆ ಮಾಡಿರಲಿಲ್ಲ. ಒಂದು ಬರೀ ದೂರಕ್ಕೆ ಹೋಗುತ್ತೆ, ಕಾಲ ಬುಡ ಕಾಣಿಸಲ್ಲ. ಇನ್ನೊಂದು ಅಗಲಕ್ಕೆ ಹರಡುತ್ತೆ, ದೂರ ಹೋಗಲ್ಲ. ಒಂದು ಭಾರ. ಇನ್ನೊಂದಕ್ಕೆ ನೀರು ತಾಗಿಸೋ ಹಾಗಿಲ್ಲ. "ನೀರು ತಾಗಬಾರದಾ? ಇವನು ಇಳಿಯೋದು ಬಾವಿಗಪ್ಪಾ, ಹಾಸಿಗೆಗಲ್ಲ," ಅಂದೆ ನಾನು. ಕೊನೆಗೆ ಅಂಗಡಿಯವನು ಒಳಗಿನ ಬೀರುವಿನಿಂದ ಒಂದನ್ನ ತಂದ. ದೂರಕ್ಕೂ ಬಿಡಬಹುದು, ಅಗಲಕ್ಕೂ ಬಿಡಬಹುದು. ಬೇಕಾದಷ್ಟು ಬಗ್ಗಿಸಬಹುದು. ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ಕೆಂಪು ದೀಪ ಬೇರೆ. ಚಾರ್ಜು ಮಾಡೋದು, ಮುಗಿದರೆ ಮಾಮೂಲಿ ಸೆಲ್ಲೂ ಹಾಕಬಹುದು. "ಇನ್ನೊಂದು ವಿಶೇಷ ಇದೆ ನೋಡಿ ಮೇಡಂ," ಅಂತ ಅವನು ದೀಪದ ಮುಂದೆ ಕೈ ಆಡಿಸಿದ. ಮುಟ್ಟಲೇ ಇಲ್ಲ. ಟಿಕ್. ಆರಿತು. ಮತ್ತೆ ಆಡಿಸಿದ. ಹತ್ತಿತು. "ಕೈಯೆಲ್ಲ ಕೆಸರಾಗಿದ್ದಾಗ ಗುಂಡಿ ಹುಡುಕೋದೇ ಬೇಡ."

ಕಪ್ಪೆಯ ಮುಖ ಅರಳಿತು. ಹಣೆಗೆ ಹಾಕಿಕೊಂಡು ಕನ್ನಡಿ ಮುಂದೆ ನಿಂತ. ಕತ್ತು ಆ ಕಡೆ ಈ ಕಡೆ ತಿರುಗಿಸಿ, "ಅಕ್ಕ, ನನ್ನ ಮುಖವೇ ಕಾಣಿಸ್ತಿಲ್ಲ," ಅಂದ. ನಿಜವೇ. ಕನ್ನಡಿಯಲ್ಲಿ ಒಂದು ಬಿಳಿ ಗುಂಡು, ಅದರ ಹಿಂದೆ ಬರೀ ಕತ್ತಲು.

"ಒಳ್ಳೇದೇ ಆಯ್ತು ಬಿಡು. ನೋಡಿ ಆನಂದಪಡೋ ಮುಖ ಅಲ್ಲ," ಅಂದೆ.

ಅದನ್ನೇ ತಗೊಂಡ್ವಿ. ಮನೆಗೆ ಬಂದು ಕೈ ಆಡಿಸಿ ಆರಿಸೋದು, ಕೈ ಆಡಿಸಿ ಹತ್ತಿಸೋದು, ಮಗು ಕಿಲಕಿಲ ನಗೋದು. ಹೆಂಡತಿಗೂ ಕಲಿಸಿಕೊಟ್ಟ. ಗೋಡೆ ಈಚೆ ನನಗೆ ಅವರ ನಗು ಕೇಳಿಸ್ತಾ ಇತ್ತು.

ಕಾಲು ಸರಿಹೋದ ಮೇಲೆ ಮೊದಲ ಕೆಲಸ ಬಂದದ್ದು ಬಟ್ಟೆ ಒಗೆಯೋ ಕಾರ್ಖಾನೆಯಿಂದ. ಅವರ ಬೋರು ಕೈಕೊಟ್ಟಿತ್ತು. ಹಿತ್ತಲಲ್ಲಿ ಬಹಳ ಕಾಲದಿಂದ ಯಾರೂ ಮುಟ್ಟದ ಬಾವಿ. ಅದಕ್ಕೆ ಪಂಪು ಇಳಿಸಿದ್ರು, ಅದೂ ನೀರೆತ್ತಲಿಲ್ಲ. ಬೆಳಗಾಗೋದರೊಳಗೆ ಸರಿ ಮಾಡಿ ಅಂತ ಹಿಂಬಾಗಿಲ ಬೀಗದ ಕೈ ಇವರಿಗೆ ಕೊಟ್ಟು ಎಲ್ಲರೂ ಮನೆಗೆ ಹೋದ್ರು.

ಕಪ್ಪೆ ಇಳಿದ. ನೀರಿಗಿಂತ ಸ್ವಲ್ಪ ಮೇಲೆ, ಕಾಲೂರೋಷ್ಟು ಚಾಚಿದ ಒಂದು ಕಲ್ಲು. ಅದರ ಮೇಲೆ ನಿಂತು, ಹಗ್ಗದ ಕೊಕ್ಕೆಯನ್ನ ಸೊಂಟದ ಬೆಲ್ಟಿನಿಂದ ಬಿಚ್ಚಿ ಪಕ್ಕಕ್ಕೆ ಬಿಟ್ಟ. ಪೈಪಿನ ಸುತ್ತ ಓಡಾಡುವಾಗ ಹಗ್ಗ ಸುತ್ತಿಕೊಳ್ಳುತ್ತಲ್ಲ, ಅದಕ್ಕೆ. ಅವರು ಯಾವಾಗಲೂ ಮಾಡೋದೇ ಹಾಗೆ.

ಮೇಲೆ ಭಾವ ರಾಟೆ ಕಟ್ಟಿದ ಮುಕ್ಕಾಲಿಯ ಪಕ್ಕ ಕೂತು ಬಗ್ಗಿ ನೋಡ್ತಾ ಇದ್ರು. ಹೊಸ ದೀಪ ಬಾವಿಯ ಗೋಡೆ ಎಲ್ಲ ಬೆಳಗಿತ್ತಂತೆ. ಒಂದೊಂದು ಕಲ್ಲೂ ಎಣಿಸಬಹುದು. ಸ್ವಲ್ಪ ಹೊತ್ತಾಯ್ತು... ದೀಪ ಆರಿತು.

ಹತ್ತಿತು.

ಮತ್ತೆ ಆರಿತು.

ಕೈ ಅಡ್ಡ ಬಂದಿರಬೇಕು, ಹೊಸದು, ಇನ್ನೂ ಅಭ್ಯಾಸ ಇಲ್ಲ ಅಂತ ಭಾವ ಅಂದುಕೊಂಡ್ರು. ಹತ್ತಿತು, ಆರಿತು, ಹತ್ತಿತು. ಆಮೇಲೆ ಬಹಳ ಹೊತ್ತು ಕತ್ತಲು. ಕೆಳಗಿಂದ ಊಂ... ಅಂತ ಒಂದು ದನಿ ಬಂತು. ಅದಂತೂ ಯಾವ ಬಾವಿಯಲ್ಲೂ ಬರೋದೇ. ಆಮೇಲೆ ಬೆಳಕು ಹತ್ತಿತು, ನೇರ ಮೇಲಕ್ಕೆ. ಭಾವನ ಕಣ್ಣಿಗೆ.

ಎತ್ತು ಅಂತ ಅರ್ಥ. ಭಾವ ರಾಟೆಯ ಹಿಡಿ ಹಿಡಿದ್ರು. ಕಿರ್‌ರ್... ಟಕ್. ಕಿರ್‌ರ್... ಟಕ್. ಹಗ್ಗ ಹಗುರ ಅನ್ನಿಸ್ತು. ಬೆಳಗ್ಗೆ ತಾನೇ ಗ್ರೀಸ್ ಹಾಕಿದ್ದೆನಲ್ಲ, ಅದಕ್ಕೇ ಸಲೀಸು ಅಂದುಕೊಂಡ್ರು. ಬೆಳಕು ಮೇಲೆ ಮೇಲೆ ಬಂತು. ಕಟ್ಟೆ ಮಟ್ಟಕ್ಕೆ ಬಂತು. ಆಚೆ ಇಳಿಯಿತು. ಕೊಕ್ಕೆ ಬಿಚ್ಚಿದ್ದು ಟಿಕ್ ಅಂತ ಕೇಳಿಸ್ತು.

"ಕಣ್ಣಿಗೆ ಹೊಡೀತಿದೆಯಲ್ಲೋ. ಕೆಂಪಿಗೆ ಹಾಕು. ಇಲ್ಲ ಬಗ್ಗಿಸು."

ಬಗ್ಗಿಸಲಿಲ್ಲ. ಕೆಂಪಿಗೂ ಹಾಕಲಿಲ್ಲ. ಭಾವನಿಗೆ ಕಂಡದ್ದು ಬರೀ ಒಂದು ಬಿಳಿ ಗುಂಡು.

ಈಗ ಇಲ್ಲಿ ಕೇಳಿ. ಭಾವನದ್ದು ಒಂದು ನೇಮ ಇದೆ. ಹಿಂದೊಮ್ಮೆ ಕೆಲಸ ಮುಗಿಸಿ ಇಬ್ಬರೂ ಕಟ್ಟೆ ಪಕ್ಕ ಹರಟೆ ಹೊಡೀತಾ ಕೂತಿದ್ದಾಗ, ಯಾರ ಮನೆಯದೋ ನಾಯಿಮರಿ ತೆರೆದ ಬಾವಿಗೆ ಬಿದ್ದು ಸತ್ತಿತ್ತು. ಆವತ್ತಿಂದ ಭಾವ ಹೇಳೋದು ಒಂದೇ. ಮೊದಲು ಮುಚ್ಚಳ, ಆಮೇಲೆ ಮಾತು. ಮೇಲೆ ಬಂದವನು ಬದುಕಿದ್ದಾನೋ ಸತ್ತಿದ್ದಾನೋ ಅಂತ ಕೇಳೋಕೆ ಮುಂಚೆ ಅವರ ಕೈ ಮುಚ್ಚಳ ಎಳೆಯುತ್ತೆ. ಆವತ್ತೂ ಎಳೆದ್ರು. ಎರಡು ಹೋಳಿನ ಕಬ್ಬಿಣದ ಮುಚ್ಚಳ. ಢಣ್... ಢಣ್. ಮೇಲೊಂದು ಕಲ್ಲು ಹೇರಿದ್ರು.

ಮುಕ್ಕಾಲಿ, ಹಗ್ಗ, ರಾಟೆ ಎಲ್ಲ ಅಲ್ಲೇ ಬಿಟ್ರು. ಬೆಳಗ್ಗೆ ಕೈಗಾಡಿ ತಂದು ಒಯ್ಯೋದು ವಾಡಿಕೆ. ಬಯಲಿಗೆ ಇಳಿದ್ರು.

ಭಾವ ಮುಂದೆ, ದೀಪ ಹಿಂದೆ. ದಾರಿ ಹಗಲಿನ ಹಾಗೆ ಕಾಣಿಸ್ತಾ ಇತ್ತು. ಭಾವನ ನೆರಳು ಉದ್ದಕ್ಕೆ ಮುಂದೆ ಬಿದ್ದಿತ್ತು.

"ಕಾಲು ನೋವಾ?"

"...ಹೂಂ."

"ಪಂಪು ಸರಿಹೋಯ್ತಾ?"

"...ಹೂಂ."

ಪಿಸುಮಾತು. ದಣಿದಿದ್ದಾನೆ ಅಂತ ಭಾವ ಅಂದುಕೊಂಡ್ರು. ತಮ್ಮ ಚಪ್ಪಲಿಯ ಪಟ್ ಪಟ್ ಕೇಳಿಸ್ತಾ ಇದೆ. ಹಿಂದಿನಿಂದ ಹೆಜ್ಜೆ ಸದ್ದು ಇಲ್ಲ. ಟಪ್... ಟಪ್... ಅಂತ ನೀರು ತೊಟ್ಟಿಕ್ಕೋದು ಮಾತ್ರ. ಒದ್ದೆಯಾಗಿದ್ದಾನೆ, ಸರಿ. ಆದರೆ ಮರದ ಕೆಳಗೆ ಬಂದಾಗ ಭಾವನಿಗೆ ಇನ್ನೊಂದು ಹೊಳೀತು. ಹಣೆ ಮೇಲೆ ದೀಪ ಕಟ್ಟಿಕೊಂಡು ನಡೆಯೋರ ಬೆಳಕು ಕುಣಿಯುತ್ತೆ. ಒಂದೊಂದು ಹೆಜ್ಜೆಗೂ ಮುಂದಿನವರ ನೆರಳು ಮೇಲೆ ಕೆಳಗೆ ಆಗುತ್ತೆ. ಇಷ್ಟು ವರ್ಷ ನೋಡಿದ್ದಾರೆ. ಆವತ್ತು ನೆರಳು ಅಲುಗಲೇ ಇಲ್ಲ... ಗೋಡೆಗೆ ಬಳಿದ ಹಾಗೆ ನಿಂತೇ ಬರ್ತಾ ಇತ್ತು.

ಅಷ್ಟರಲ್ಲಿ ಹಿಂದಿನಿಂದ, ಕಿವಿಯ ಹತ್ತಿರ:

"ಮನೇಲಿ... ಯಾರಿದ್ದಾರೆ?"

ಭಾವ ಬಲವಂತಕ್ಕೆ ನಕ್ಕರು. "ಇನ್ಯಾರಿರ್ತಾರೆ? ನಿನ್ನ ಹೆಂಡತಿ, ನಿನ್ನ ಮಗಳು. ತಲೆ ಕೆಟ್ಟಿದೆಯೇನೋ?"

"...ಹೂಂ."

ಆಮೇಲೆ ಭಾವ ತಿರುಗಿ ನೋಡಲಿಲ್ಲ. ಬೀದಿ ತಿರುವಿನಲ್ಲೇ ಅವರ ರೂಮು. "ಬೆಳಗ್ಗೆ ನೋಡೋಣ" ಅಂತ ಒಳಗೆ ಹೋಗಿ ಚಿಲಕ ಹಾಕಿಕೊಂಡ್ರು. ಹೆದರಿದೆ ಅಂತ ಒಪ್ಪಿಕೊಳ್ಳೋಕೆ ನಾಚಿಕೆ! ಈ ಗಂಡಸರ ನಾಚಿಕೆಗೆ ನನಗೆ ಈಗಲೂ ಮೈ ಉರಿಯುತ್ತೆ. ಕಿಟಕಿಯ ಸಂದಿಯಿಂದ ನೋಡಿದ್ರಂತೆ, ದೀಪ ಬೀದಿಯಲ್ಲಿ ಮುಂದೆ ಹೋಗ್ತಾ ಇತ್ತು. ತಂಗಿಯ ಮನೆ ಕಡೆಗೆ.

ಇಲ್ಲಿಂದ ಮುಂದೆ ನಾನೇ ಸಾಕ್ಷಿ. ಒಂದಷ್ಟು ಸಮವಸ್ತ್ರ ಹೊಲಿದು ಮುಗಿಸಬೇಕಿತ್ತು, ಎಚ್ಚರವಾಗಿದ್ದೆ. ಪಕ್ಕದ ಬಾಗಿಲು ಬಡಿದ ಸದ್ದು ಬಂತು. ಟಕ್... ಟಕ್... ಟಕ್. ನಮ್ಮ ಕಪ್ಪೆ ಬಾಗಿಲು ಬಡಿಯೋದು ದಬದಬ ಅಂತ, ಬೀದಿಯೆಲ್ಲ ಏಳಬೇಕು. ಮಗು ಮಲಗಿದೆ ಅಂತ ಬುದ್ಧಿ ಬಂದಿದೆ ಇವನಿಗೆ ಅಂದುಕೊಂಡೆ.

ಅವಳು ಬಾಗಿಲು ತೆಗೆದಳು. ನನ್ನ ಕಿಟಕಿಗೂ ಬೆಳಕು ಬಂತು, ಸುಣ್ಣ ಚೆಲ್ಲಿದ ಹಾಗೆ.

"ಅಯ್ಯೋ ಬಗ್ಗಿಸ್ರೀ ಅದನ್ನ! ಮಗು ಏಳುತ್ತೆ."

ಬೆಳಕು ಬಗ್ಗಲಿಲ್ಲ. ಆಮೇಲೆ ಒಂದು ಪಿಸುಮಾತು. ನನಗೂ ಕೇಳಿಸ್ತು.

"ಒಳಗೆ... ಬರಲಾ?"

"ಇದೇನು ಹೊಸ ನಾಟಕ? ಕಾಲು ತೊಳೆದು..." ಅಂತ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು. 'ಬನ್ನಿ' ಅನ್ನೋ ಮಾತು ನಾಲಿಗೆ ತುದಿಯಲ್ಲಿತ್ತು ಅಕ್ಕ, ಅಂತ ಆಮೇಲೆ ಹೇಳಿದಳು. ತನ್ನ ಮನೆಗೆ ಯಾವ ಗಂಡಸು ಕೇಳಿಕೊಂಡು ಬರ್ತಾನೆ? ಅದೂ ಅಷ್ಟು ಮೆಲ್ಲಗೆ?

"ಒಳಗೆ... ಬರಲಾ?"

ಎರಡನೇ ಸಲವೂ ಅದೇ ದನಿ, ಅದೇ ಏರಿಳಿತ. ಒಳಗೆ ತೊಟ್ಟಿಲಲ್ಲಿ ಮಗು ನರಳಿತು. ಬೆಳಕು ಅವಳ ಹೆಗಲ ಮೇಲಿಂದ ತೊಟ್ಟಿಲ ಕಡೆ ತಿರುಗಿತು. ಅವಳಿಗೆ ಏನು ಮಾಡಬೇಕು ತಿಳಿಯಲಿಲ್ಲ. ಮುಖ ಕಂಡರೆ ಸಾಕು ಅನ್ನಿಸ್ತು, ಮುಖ ಒಂದು ಕಂಡುಬಿಟ್ಟರೆ ಸಾಕು. ದೀಪದ ಮುಂದೆ ಕೈ ಆಡಿಸಿದಳು.

ಟಿಕ್. ಕತ್ತಲು.

ಮೆಟ್ಟಿಲ ಮೇಲೆ ಏನೋ ಬಿತ್ತು. ಪ್ಲಾಸ್ಟಿಕ್ಕಿನ ಸದ್ದು. ಕಟಕಟ ಉರುಳಿ ನಿಂತಿತು.

ಅವಳ ಕಿರುಚಾಟಕ್ಕೆ ನಾನು ಕತ್ತರಿ ಕೈಯಲ್ಲೇ ಹಿಡಕೊಂಡು ಓಡಿಬಂದೆ. ಬಾಗಿಲಲ್ಲಿ ಯಾರೂ ಇಲ್ಲ. ಮೆಟ್ಟಿಲು ಒದ್ದೆ. ಅದರ ಮೇಲೆ ಹೆಡ್‌ಲೈಟು ಒಂದೇ ಬಿದ್ದಿತ್ತು. ಕಿರುಚಾಟ ಕೇಳಿ ಭಾವನೂ ಬಂದ್ರು. ಅವಳು ಅಣ್ಣನ ಅಂಗಿ ಹಿಡಿದು ಜಗ್ಗಿದಳು.

"ಅಣ್ಣ, ಇವರೆಲ್ಲಿ?"

"ಈಗ ತಾನೇ ಬಂದನಲ್ಲ... ನನ್ನ ಜೊತೆಯಲ್ಲೇ..."

"ಮುಖ ನೋಡಿದೆಯಾ? ಮುಖ ನೋಡಿದೆಯಾ ಅಣ್ಣ?"

ಭಾವ ಮೆಟ್ಟಿಲ ಮೇಲೆ ಬಿದ್ದಿದ್ದ ದೀಪ ನೋಡಿದ್ರು. "ಮುಚ್ಚಳ..." ಅಂದ್ರು. "ನಾನೇ... ಮುಚ್ಚಳ ಹಾಕಿಬಂದೆ."

ಅವಳು ಅಳಲಿಲ್ಲ. ಮಗುವನ್ನ ತಂದು ನನ್ನ ತೋಳಿಗೆ ಹಾಕಿದಳು. "ಅಕ್ಕ, ನೀವು ಹಿಡ್ಕೊಳ್ಳಿ." ಮೆಟ್ಟಿಲ ಮೇಲಿದ್ದ ಆ ದೀಪವನ್ನೇ ಎತ್ತಿಕೊಂಡಳು. ನಮ್ಮ ಹತ್ತಿರ ಆಗ ಇದ್ದದ್ದು ಟಾರ್ಚಿಲ್ಲದ, ಗುಂಡಿ ಒತ್ತೋ ಫೋನು, ಮನೇಲಿ ಮೇಣದಬತ್ತಿ. ಕತ್ತಲ ಬಯಲು ದಾಟೋಕೆ ಬೇರೆ ಬೆಳಕೇ ಇಲ್ಲ. ಅಣ್ಣನನ್ನ ಎಳಕೊಂಡು ಓಡಿದಳು. ನಾನು ಬೀದಿಯವರನ್ನ ಎಬ್ಬಿಸಿದೆ. ಎದ್ದರು, ಯಾಕೆ ಏನು ಅಂತ ಕೇಳಿದರು, ಒಬ್ಬ ಚಪ್ಪಲಿ ಹುಡುಕಿದ, ಇನ್ನೊಬ್ಬ ಅಂಗಿ ಹುಡುಕಿದ. ಅವರು ಹೊರಡೋ ಹೊತ್ತಿಗೆ ಅಲ್ಲಿ ನಡೆಯೋದೆಲ್ಲ ನಡೆದಿತ್ತು.

ಬಾವಿಯ ಮುಚ್ಚಳದ ಮೇಲೆ ಭಾವ ಇಟ್ಟ ಕಲ್ಲು ಇಟ್ಟ ಹಾಗೇ ಇತ್ತು. ತೆಗೆದ್ರು. ಅವಳು ಬಗ್ಗಿ ದೀಪ ಬಿಟ್ಟಳು.

ಕಪ್ಪೆ ಇದ್ದ. ಅದೇ ಕಲ್ಲಿನ ಮೇಲೆ, ಪೈಪನ್ನ ಎರಡೂ ಕೈಯಲ್ಲಿ ತಬ್ಬಿಕೊಂಡು. ಅವಳಿಗೆ ಹೋದ ಜೀವ ಬಂದ ಹಾಗಾಯ್ತು. ಕೂಗಿದಳು. ಕೆಳಗೆ ಹೋದದ್ದು ಊಂ... ಅಂತ. ಕಪ್ಪೆ ಬೆಳಕಿನ ಕಡೆ ಒಂದು ಸಲ ನೋಡಿ, ಮುಖವನ್ನ ಗೋಡೆಗೆ ಒತ್ತಿಕೊಂಡುಬಿಟ್ಟ. ಭಾವ ಹಗ್ಗ ಇಳಿಸಿದ್ರು. ಕೊಕ್ಕೆ ಅವನ ಭುಜಕ್ಕೆ ತಾಗಿತು. ಅವನು ಕಾಲಿಂದ ಒದ್ದ.

ಯಾಕೆ ಅಂತ ಆಮೇಲೆ ಅವನೇ ನನಗೆ ಹೇಳಿದ. ಕೆಲಸ ಮಾಡ್ತಾ ಇದ್ದಾಗ ದೀಪ ಆರಿತಂತೆ. ಅವನ ಎರಡು ಕೈಯೂ ಪೈಪಿನ ಮೇಲೇ ಇದ್ದವು. ಹತ್ತಿಸಿದ. ಮತ್ತೆ ಆರಿತು. ಪ್ರತಿ ಸಲ ಆರೋ ಮುಂಚೆ ಮುಖಕ್ಕೆ ತಣ್ಣಗೆ ಗಾಳಿ ಬಂದ ಹಾಗೆ ಆಗೋದಂತೆ. ಯಾರೋ ಕಣ್ಣ ಮುಂದೆ ಕೈ ಆಡಿಸಿದ ಹಾಗೆ... ಕೊನೇ ಸಲ ಆರಿದಾಗ, ದೀಪವನ್ನ ಅವನ ತಲೆಯಿಂದ ಯಾರೋ ಮೆಲ್ಲಗೆ ಬಿಡಿಸಿಕೊಂಡ್ರು. ಮಲಗಿದ ಮಗುವಿನ ಟೋಪಿ ತೆಗೀತೀವಲ್ಲ, ಅಷ್ಟು ಮೆಲ್ಲಗೆ. ಆಮೇಲೆ ದೀಪ ಹತ್ತಿ, ಮೇಲಕ್ಕೆ ಹೋಯ್ತು. ಇವನು ಕೂಗಿದ. ಢಣ್ ಅಂತ ಮುಚ್ಚಳ ಬಿತ್ತು.

ಈಗ ಅದೇ ದೀಪ ಮೇಲಿಂದ ಅವನನ್ನ ನೋಡ್ತಾ ಇದೆ. ಅದರ ಹಿಂದೆ ಮುಖ ಕಾಣಿಸ್ತಿಲ್ಲ. ನೀವಾಗಿದ್ದರೆ ಹಗ್ಗ ಹಿಡೀತಿದ್ರಾ?

ಕಾಲು ನಡುಗ್ತಾ ಇದ್ದವು ಅವನಿಗೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಕೈ ಸೋತು ನೀರಿಗೆ ಬೀಳ್ತಿದ್ದ. ಭಾವ ಇಳಿಯೋ ಹಾಗಿಲ್ಲ, ರಾಟೆ ತಿರುಗಿಸೋಕೆ ಅವರೊಬ್ಬರೇ. ಅವಳು ಅಣ್ಣನ ಬೆಲ್ಟು ಕಿತ್ತು ತನ್ನ ಸೊಂಟಕ್ಕೆ ಬಿಗಿದಳು.

"ಏನು ಮಾಡ್ತಿದೀಯೇ ನೀನು?"

"ಇಳಿಸು."

"ದೀಪ ಹಾಕ್ಕೋ."

"ಬೇಡ. ದೀಪಕ್ಕೇ ಅವರು ಹೆದರ್ತಿರೋದು," ಅಂತ ಕೈ ಆಡಿಸಿ ಆರಿಸಿ, ಕಟ್ಟೆ ಮೇಲಿಟ್ಟಳು.

ಯೋಚನೆ ಮಾಡಿ. ಹಿತ್ತಲಿಗೆ ಒಬ್ಬಳೇ ಹೋಗೋಕೆ ನನ್ನನ್ನ ಕರೆಯೋ ಹುಡುಗಿ. ಆ ಕತ್ತಲಲ್ಲಿ, ಆ ಬಾವಿಗೆ, ದೀಪ ಇಲ್ಲದೆ ಇಳಿದಳು. ಕಿರ್‌ರ್... ಟಕ್. ಕಿರ್‌ರ್... ಟಕ್. ಕೆಳಗೆ ಹೋದಂತೆ ಮೊದಲು ಕೈಗೆ ಸಿಕ್ಕಿದ್ದು ಕೂದಲಂತೆ. ಉದ್ದ ಕೂದಲು, ಒದ್ದೆ. ಬೇರು ಇರಬೇಕು ಅಂದುಕೊಂಡೆ ಅಕ್ಕ, ಬೇರೇ ಇರಬೇಕು ಅಂತ ನನ್ನ ಹತ್ತಿರ ಎರಡು ಮೂರು ಸಲ ಹೇಳಿದಳು. ನಾನು ಹೂಂ ಅಂದೆ. ಆಮೇಲೆ ಕಲ್ಲು ಸಿಕ್ತು, ಪೈಪು ಸಿಕ್ತು, ಗಂಡನ ಕೈ ಸಿಕ್ತು. ಅವನು ಕೈ ಕೊಡವಿಕೊಂಡ. ಅವಳು ಅವನ ಮುಖವನ್ನ ಎರಡೂ ಅಂಗೈಯಲ್ಲಿ ಹಿಡಿದು, ಕಿವಿಗೆ ಬಾಯಿಟ್ಟು ಬೈಯೋಕೆ ಶುರು ಮಾಡಿದಳು. ಏನೇನು ಬೈದಳೋ ಇಬ್ಬರೂ ಹೇಳಲ್ಲ. ಅವನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತನಂತೆ.

ಹಗ್ಗ ಒಬ್ಬರಿಗೇ. ಕೊಕ್ಕೆಯನ್ನ ತನ್ನ ಬೆಲ್ಟಿನಿಂದ ಬಿಚ್ಚಿ ಅವನಿಗೆ ಹಾಕಿದಳು. ಅವನು ಬೇಡ ಅಂದ. "ನನಗೆ ಕಾಲು ನಡುಗ್ತಿಲ್ಲ, ನಿಮಗೆ ನಡುಗ್ತಿದೆ," ಅಂದು ಹಗ್ಗವನ್ನ ಜಗ್ಗಿದಳು.

ಮೇಲೆ ಭಾವನ ಸ್ಥಿತಿ ಹೇಗಿತ್ತು ಅಂತ ನಾನು ಯಾವಾಗಲೂ ಯೋಚನೆ ಮಾಡ್ತೀನಿ. ಭಾರ ಬಂತು. ಕತ್ತಲಲ್ಲಿ 'ಏನೋ' ಮೇಲೆ ಬರ್ತಾ ಇದೆ. ಒಂದು ಸಲ ಮೋಸಹೋಗಿದ್ದಾರೆ. ಹಾಗಂತ ಬಿಡೋ ಹಾಗಿಲ್ಲ. ಕಟ್ಟೆ ಹತ್ತಿರ ಬಂದಾಗ ಒಂದು ಕೈಯಲ್ಲಿ ಹಿಡಿ ಒತ್ತಿಹಿಡಿದು, ಇನ್ನೊಂದು ಕೈಯನ್ನ ಕತ್ತಲಿಗೆ ಚಾಚಿದ್ರು. ಮೂಗು. ಮೀಸೆ. ಕೆನ್ನೆಯ ಮೇಲೆ ಕಪ್ಪೆಯ ಆ ಹಳೇ ಗಾಯದ ಗುರುತು. ಆಮೇಲೆ ಆಚೆ ಎಳಕೊಂಡ್ರು. ಇಬ್ಬರೂ ಸೇರಿ ಎರಡನೇ ಸಲ ಹಗ್ಗ ಇಳಿಸಿದ್ರು. ಅದು ಅವಳ ಕೈಗೆ ಸಿಕ್ಕಿ, ಬಿಗಿಯಾಗೋವರೆಗೆ ಕಪ್ಪೆ ಕಟ್ಟೆಗೆ ಹಣೆ ಒತ್ತಿಕೊಂಡು ಅವಳ ಹೆಸರು ಹೇಳ್ತಾನೇ ಇದ್ದ. ಅವಳನ್ನೂ ಮುಖ ಮುಟ್ಟಿ, ಮೂಗುಬೊಟ್ಟು ಮುಟ್ಟಿ, ಆಮೇಲೆ ಮೇಲೆ ತಗೊಂಡ್ರು.

ಆ ರಾತ್ರಿ ಯಾರೂ ಮಲಗಲಿಲ್ಲ. ಎಲ್ಲ ನನ್ನ ಮನೇಲೇ ಇದ್ವಿ. ಮಗು ಅವರಪ್ಪನ ಬೆರಳು ಹಿಡಕೊಂಡು ನಿದ್ದೆ ಮಾಡ್ತು. ಆ ಕಾರ್ಖಾನೆಯವರು ಬೆಳಗ್ಗೆ ಬಂದು ನೋಡಿ ಪಂಪು ಓಡ್ತಾ ಇಲ್ಲ ಅಂತ ಕೂಗಾಡಿದ್ರು. ಭಾವ ಅವರ ಮುಂದೆ ಬೀಗದ ಕೈ ಎಸೆದು ಬಂದ್ರು.

ಇದನ್ನೆಲ್ಲ ಕೇಳಿ ಜನ ಒಂದೊಂದು ಹೇಳ್ತಾರೆ. ಬಾವಿಯೊಳಗೆ ಗಾಳಿ ಕೆಟ್ಟಿರುತ್ತೆ, ತಲೆ ತಿರುಗುತ್ತೆ. ಕಪ್ಪೆ ತಾನೇ ದೀಪವನ್ನ ಕೊಕ್ಕೆಗೆ ಸಿಕ್ಕಿಸಿರಬೇಕು. ಭಾವನಿಗೆ ಭ್ರಮೆ. ಇವಳಿಗೆ ನಿದ್ದೆಗಣ್ಣು. ಹೇಳಲಿ. ಹಗಲಲ್ಲಿ ಕೂತು ಹೇಳೋದು ಸುಲಭ.

ಎರಡು ದಿನ ಬಿಟ್ಟು ಅವಳು ಆ ಹೆಡ್‌ಲೈಟನ್ನ ನನ್ನ ಹತ್ತಿರ ತಂದಳು. ಇವರಿಗೆ ಬೇರೆ ಕಸುಬಿಲ್ಲ, ಇನ್ನೊಂದು ದೀಪ ಕೊಳ್ಳೋಕೆ ಆಗೋ ಹಾಗಿಲ್ಲ. ಬಿಸಿನೀರಲ್ಲಿ ಒರೆಸಿ, ಬಿಸಿಲಿಗಿಟ್ಟು ಒಣಗಿಸಿದ್ದಳು. "ಅಕ್ಕ, ಇದರ ಪಟ್ಟಿ ಯಾಕೋ ಇವರ ತಲೆಗೆ ಹಿಡೀತಿಲ್ಲ. ಸ್ವಲ್ಪ ನೋಡಿಕೊಡಿ," ಅಂದಳು.

ಮಿಷನ್ನಿನ ದೀಪದ ಕೆಳಗಿಟ್ಟು ನೋಡಿದೆ. ಪಟ್ಟಿ ಹರಿದಿರಲಿಲ್ಲ, ಕುಗ್ಗಿರಲಿಲ್ಲ. ಬಿಗಿ ಮಾಡೋ ಬಕಲ್ಲನ್ನ ಎರಡೂ ಕಡೆ ಕೊನೇತನಕ ಜಾರಿಸಿದ್ರು. ಇನ್ನು ಜಾರಿಸೋಕೆ ಜಾಗವೇ ಇಲ್ಲ ಅನ್ನೋಷ್ಟು. ಯಾರೋ ತಮ್ಮ ಅಳತೆಗೆ ಸರಿಮಾಡಿಕೊಂಡ ಹಾಗೆ. ನನ್ನ ಕೈಯಿಂದ ಎಷ್ಟೋ ಟೋಪಿ ಹೊಲಿದಿದ್ದೀನಿ, ಅವಳ ಮಗುವಿನ ಟೋಪಿಯನ್ನೂ ನಾನೇ ಹೊಲಿದದ್ದು. ಈ ಪಟ್ಟಿಯ ಸುತ್ತು ಅದಕ್ಕಿಂತ ಚಿಕ್ಕದು.

ಭಾವನನ್ನ ಕರೆದು ಕೇಳಿದೆ. ಆ ರಾತ್ರಿ ಕಟ್ಟೆ ಪಕ್ಕ ನಿಂತಿದ್ದಾಗ ದೀಪ ಎಷ್ಟು ಎತ್ತರದಲ್ಲಿತ್ತು? ಅವರು ಕೈ ಎತ್ತಿ ತೋರಿಸಿದ್ರು. ಕಪ್ಪೆಯ ಹಣೆ ಎಷ್ಟು ಎತ್ತರವೋ ಅಷ್ಟೇ. ಇನ್ನೊಂದು ಸಲ ಕೇಳಿದೆ. ಅಷ್ಟೇ.

ಎತ್ತರ ಆಳಿನದು, ತಲೆ ಕೂಸಿನದಕ್ಕಿಂತ ಚಿಕ್ಕದು ಅಂತ ಅವರಿಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಪಟ್ಟಿ ಸಡಿಲ ಮಾಡಿ ಕೊಟ್ಟು ಕಳಿಸಿದೆ. ನೀವು ನಂಬಿ, ಬಿಡಿ, ನನಗೇನೂ ಇಲ್ಲ. ಯಾರ ಬಾಯಿಂದಲೋ ಕೇಳಿದ್ದಲ್ಲ ಇದು, ನನ್ನ ಕೈಯಲ್ಲೇ ಹಿಡಿದು ನೋಡಿದ್ದು. ಸಡಿಲ ಮಾಡೋ ಮುಂಚೆ ಒಂದು ಸಲ ಮುಷ್ಟಿ ಬಿಗಿದು, ಆ ಪಟ್ಟಿಯನ್ನ ಅದರ ಮೇಲೆ ಹಾಕಿದೆ... ಇಗೋ, ಈ ಕೈಗೆ. ಸರಿಯಾಗಿ ಕೂತಿತು.